ಇತ್ವಾರಿಯ ಹೊಲಕ್ಕೆ ಒಂದು ಗೆರೆ

ಹೋಂವರ್ಕ್ ಲೆಕ್ಕಗಳಲ್ಲಿ ಎರಡು ಜಾತಿ. ಸೂತ್ರಕ್ಕೆ ಅಂಕಿ ತುಂಬಿದರೆ ಮುಗಿಯುವಂಥವು ಒಂದು. ಅವನ್ನು ನಾನು ಲೆಕ್ಕವೆಂದೇ ಎಣಿಸುವುದಿಲ್ಲ. ಇನ್ನೊಂದು ಜಾತಿಯವಕ್ಕೆ ಚಿತ್ರದಲ್ಲಿಲ್ಲದ ಗೆರೆಯೊಂದನ್ನು ನಾವೇ ಎಳೆಯಬೇಕು. ಅದು ಹೊಳೆಯುವವರೆಗಿನ ಚಡಪಡಿಕೆಯಲ್ಲೇ ರೇಖಾಗಣಿತದ ರುಚಿಯಿರುವುದು.

ನನ್ನ ಲೆಕ್ಕದಲ್ಲಿ ಇವುಗಳ ರಾಜ ಒಂಬತ್ತನೇ ತರಗತಿಯ ಹಳೆಯ ಎನ್‌ಸಿಇಆರ್‌ಟಿ ಪುಸ್ತಕದ ಇತ್ವಾರಿಯ ಹೊಲ. ಚತುರ್ಭುಜಾಕಾರದ ಹೊಲದ ಒಂದು ಮೂಲೆ ಆರೋಗ್ಯ ಕೇಂದ್ರಕ್ಕೆ ಬೇಕೆಂದು ಪಂಚಾಯಿತಿ ಕೇಳುತ್ತದೆ. ಕೊಡುತ್ತೇನೆ, ಆದರೆ ಅಷ್ಟೇ ಜಾಗ ಪಕ್ಕದಲ್ಲಿ ಸಿಗಬೇಕು, ಹೊಲ ತ್ರಿಭುಜವಾಗಬೇಕು ಅನ್ನುತ್ತಾನೆ ಇತ್ವಾರಿ. ಅಳತೆ ಒಂದನ್ನೂ ಕೊಟ್ಟಿಲ್ಲ! ಹೊಲ ಎಬಿಸಿಡಿ ಅನ್ನಿ. ಎಸಿ ಕರ್ಣ ಎಳೆಯಿರಿ. ಡಿ ಮೂಲೆಯಿಂದ ಅದಕ್ಕೆ ಸಮಾಂತರವಾಗಿ ಒಂದು ಗೆರೆ ಹೋಗಲಿ. ಅದು, ಮುಂದಕ್ಕೆ ಬೆಳೆಸಿದ ಬಿಸಿ ಬದುವನ್ನು ಇ ಎಂಬಲ್ಲಿ ಮುಟ್ಟಲಿ. ಎಸಿಡಿ, ಎಸಿಇ ಎರಡಕ್ಕೂ ಪಾದ ಒಂದೇ, ಎತ್ತರವೂ ಒಂದೇ. ಹಾಗಾಗಿ ವಿಸ್ತೀರ್ಣವೂ ಒಂದೇ. ಎಬಿಇ ತ್ರಿಭುಜವೇ ಇತ್ವಾರಿಯ ಹೊಸ ಹೊಲ. ಪಠ್ಯಭಾರ ಇಳಿಸುವಾಗ ಈ ಅಧ್ಯಾಯವನ್ನೇ ಕೈಬಿಟ್ಟರು. ಇಳಿಸಲು ಬೇರೆ ಭಾರ ಬೇಕಾದಷ್ಟಿತ್ತು.

ಈ ಲೆಕ್ಕ ನಮ್ಮ ಸೀಮೆಗೆ ಹೇಳಿ ಮಾಡಿಸಿದ್ದು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟವಾಗಲಿ, ಚಿಂತಾಮಣಿಯ ಟೊಮೆಟೊ ಹೊಲವಾಗಲಿ, ಪುಸ್ತಕದ ಆಯತದಂತೆ ಇರುವುದು ಅಪರೂಪ. ಎದುರುಬದುರು ಬದುಗಳ ಸರಾಸರಿ ತೆಗೆದು ಒಂದಕ್ಕೊಂದು ಗುಣಿಸುವುದು ಹಳೆಯ ರೂಢಿ. ನಾಲ್ಕೂ ಬದು 100 ಅಡಿ ಇದ್ದರೆ ರೂಢಿಯ ಪ್ರಕಾರ 10,000 ಚದರಡಿ. ಆದರೆ ಹೊಲ ವಾಲಿಕೊಂಡಿದ್ದು, ಉದ್ದನೆಯ ಕರ್ಣ 160 ಅಡಿ ಬಂತೆನ್ನಿ. ಅದರ ಎರಡೂ ಕಡೆ 60 ಅಡಿ ಎತ್ತರದ ತ್ರಿಭುಜಗಳು. ಒಂದೊಂದೂ 4,800, ಒಟ್ಟು 9,600. ಗುಂಟೆಗೆ 33 ಅಡಿ ಚೌಕ, ಅಂದರೆ 1,089 ಚದರಡಿ. ಮೂರನೇ ಒಂದು ಗುಂಟೆಗೂ ಹೆಚ್ಚು ನೆಲ ಕಾಗದದಲ್ಲೇ ಹುಟ್ಟಿಕೊಂಡಿತು! ಆಯತವೊಂದನ್ನು ಬಿಟ್ಟರೆ ಈ ರೂಢಿ ಯಾವಾಗಲೂ ಹೆಚ್ಚೇ ತೋರಿಸುತ್ತದೆ. ಮಾರುವವನಿಗೆ ಪ್ರೀತಿ, ಕೊಳ್ಳುವವನಿಗೆ ನಷ್ಟ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ 'ಗಣಿತಸಾರಸಂಗ್ರಹ'ದಲ್ಲಿ ವ್ಯವಹಾರದ ಒರಟು ಲೆಕ್ಕವನ್ನೂ ಸೂಕ್ಷ್ಮ ಲೆಕ್ಕವನ್ನೂ ಬೇರೆ ಬೇರೆಯಾಗಿ ಕೊಟ್ಟಿದ್ದಾನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದರು. ಸೂತ್ರಗಳಿಗೆ ಅದರಿಂದ ವಿನಾಯಿತಿಯೇನೂ ಇಲ್ಲ.

ರೇಖಾಗಣಿತದ ಜಾಣ್ಮೆ ಗೆರೆಯಲ್ಲಾದರೆ, ಬೀಜಗಣಿತದ ಜಾಣ್ಮೆ ಇರುವುದು ಯಾವುದನ್ನು ಎಕ್ಸ್ ಅನ್ನಬೇಕು ಎಂಬುದರಲ್ಲಿ. ಹಳೆಯ ಗಣಿತಗ್ರಂಥ 'ಲೀಲಾವತಿ'ಯ ಬಿದಿರನ್ನೇ ನೋಡಿ: 32 ಮೊಳದ್ದು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದೆ. ನಿಂತ ತುಂಡು ಎಕ್ಸ್ ಆದರೆ ಬಿದ್ದದ್ದು 32ರಲ್ಲಿ ಎಕ್ಸ್ ಕಳೆದಷ್ಟು. ಪೈಥಾಗೊರಸ್ ಹಚ್ಚಿದೊಡನೆ ಎಕ್ಸ್‌ನ ವರ್ಗ ಎರಡೂ ಕಡೆ ಹೊಡೆದುಹೋಗಿ ಉತ್ತರ 12 ಮೊಳ. ಚೆಂದವೇ, ಆದರೆ ಇತ್ವಾರಿಯ ಹೊಲದ ಮುಂದೆ ಸ್ವಲ್ಪ ಸಪ್ಪೆ.

ಈ ವಾರದ ಲೆಕ್ಕ: ಅದೇ ಎಬಿಸಿಡಿ ಹೊಲ, ಅಕ್ಕ ತಮ್ಮ ಇಬ್ಬರೇ ವಾರಸುದಾರರು. ಎ ಮೂಲೆಯಿಂದ ಒಂದೇ ನೇರ ಬದು ಹಾಕಿ ಸಮಪಾಲು ಮಾಡಿಕೊಡಿ. ಮೇಲೆ ಎಳೆದ ಗೆರೆಯೇ ದಾರಿ ತೋರಿಸುತ್ತದೆ. ದಯವಿಟ್ಟು ಭಾನುವಾರದವರೆಗಾದರೂ ಗೈಡ್ ಮುಟ್ಟಬೇಡಿ.