ಷೋಗೆ ಬಂದ ಕಾರು, ಶೆಡ್ಡಿಗೆ ಬಂದ ಕೆಲಸ

ಸಿಂಧನೂರು ಬಳಿಯ ನಮ್ಮ ಆರ್.ಎಚ್. ಕ್ಯಾಂಪಿಗೆ ಕ್ಯಾಡಿಲಾಕ್ ಕಾರು ಬಂದ ಸುದ್ದಿಯಿಲ್ಲ. ಬಂದರೂ ಇಲ್ಲಿ ಅದರ ಪಾಡು ಕಷ್ಟವೇ. 1959ರ ಮಾಡೆಲ್ಲಿನ ಉದ್ದ 5.7 ಮೀಟರ್. ಸುಗ್ಗಿಯಲ್ಲಿ ಎದುರಿಗೆ ಭತ್ತದ ಟ್ರಾಲಿ ಬಂತೆಂದರೆ ಕಾರನ್ನು ಹಿಂದಕ್ಕೆ ಸರಿಸಲು ನಾಲ್ಕು ಜನ ಇಳಿದು ಕೈ ತೋರಿಸಬೇಕಾದೀತು. ಆದರೆ ಡೆಟ್ರಾಯಿಟಿನ ಈ ಕಂಪನಿ ಮಾಡಿತೋರಿಸಿದ ಎರಡು ಕೆಲಸಗಳು ಸಿಂಧನೂರು ಸೀಮೆಯ ಟ್ರ್ಯಾಕ್ಟರ್ ಶೆಡ್ಡುಗಳಿಗೆ ಬಂದು ಎಷ್ಟೋ ಕಾಲವಾಯಿತು. ಕಾರ್ ಷೋಗಳಲ್ಲಿ ಜನ ಬಾಯಿಬಿಟ್ಟು ನೋಡಿದ ಕ್ಯಾಡಿಲಾಕ್‌ಗಳಿಗೂ ಆ ಕೆಲಸಗಳಿಗೂ ಸಂಬಂಧವೇ ಇಲ್ಲ.

1902ರಲ್ಲಿ ಕಂಪನಿ ಕಟ್ಟಿದ ಹೆನ್ರಿ ಲೆಲ್ಯಾಂಡ್ ಬಂದೂಕು ಕಾರ್ಖಾನೆಯಲ್ಲಿ ಪಳಗಿದವನು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಮನುಷ್ಯ. ಆಗಿನ ಕಾರುಗಳಲ್ಲಿ ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಕೂರಿಸುತ್ತಿದ್ದರು. ಒಂದು ಕಾರಿನ ಪಿಸ್ಟನ್ ಅದೇ ಮಾಡೆಲ್ಲಿನ ಇನ್ನೊಂದಕ್ಕೆ ಕೂತೀತೆಂಬ ಭರವಸೆ ಇರಲಿಲ್ಲ. 1908ರಲ್ಲಿ ಲಂಡನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ ಮೂರು ಕ್ಯಾಡಿಲಾಕ್‌ಗಳನ್ನು ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿಗೆ ತರಿಸಿ ಪೂರ್ತಿ ಬಿಚ್ಚಿಸಿತು. ಮೂರರ ಸಾಮಾನನ್ನೂ ಒಂದೇ ರಾಶಿ ಮಾಡಿ ಕಲಸಿತು. ಆ ರಾಶಿಯಿಂದ 89 ಭಾಗಗಳನ್ನು ಎತ್ತಿಟ್ಟು, ಅವುಗಳ ಜಾಗಕ್ಕೆ ಡೀಲರನ ಅಂಗಡಿಯ ಸ್ಪೇರ್ ಕೊಟ್ಟಿತು. ಮೆಕ್ಯಾನಿಕ್‌ಗಳು ಪಾನಾ, ಸ್ಕ್ರೂಡ್ರೈವರ್ ಹಿಡಿದು ಮತ್ತೆ ಮೂರು ಕಾರು ಕಟ್ಟಿದರು. ಒಂದೊಂದೂ 500 ಮೈಲಿ ಓಡಿತು. ಕ್ಲಬ್ಬಿನ ಆ ವರ್ಷದ ಡ್ಯೂವಾರ್ ಟ್ರೋಫಿ ಕ್ಯಾಡಿಲಾಕ್‌ಗೆ ಹೋಯಿತು. ಅಮೆರಿಕದ ಕಾರೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ಸಿಂಧನೂರಿನ ಸ್ಪೇರ್ ಅಂಗಡಿಯಲ್ಲಿ ಮಾಡೆಲ್ ಹೇಳಿದರೆ ಬೇರಿಂಗಿನ ಡಬ್ಬಿ ಕೌಂಟರಿಗೆ ಬರುತ್ತದೆ, ಕ್ಯಾಂಪಿಗೆ ಒಯ್ದು ಕೂರಿಸಿದರೆ ಕೂರುತ್ತದೆ. ಈ ಪದ್ಧತಿಯನ್ನು ಲೆಲ್ಯಾಂಡ್ ಒಬ್ಬನೇ ಹುಟ್ಟಿಸಿದ್ದೇನಲ್ಲ, ಬಂದೂಕಿನವರು ಮೊದಲೇ ಮಾಡುತ್ತಿದ್ದರು. ಕಾರಿನಲ್ಲೂ ಅದು ಆಗುತ್ತದೆಂದು ಎಲ್ಲರೆದುರು ಬಿಚ್ಚಿ ತೋರಿಸಿದ್ದು ಅವನ ಕಂಪನಿ.

ಎರಡನೆಯ ಕೆಲಸ ಸೆಲ್ಫ್ ಸ್ಟಾರ್ಟರ್. ನಾಲೆಯ ನೀರು ಹತ್ತದ ಹೊಲಕ್ಕೆ ಡೀಸೆಲ್ ಪಂಪ್ ಹಾಕಿ, ಅದಕ್ಕೆ ಹ್ಯಾಂಡಲ್ ಹೊಡೆದವರಿಗೆ ಎಂಜಿನ್ ಎದುರು ತಿರುಗಿದರೆ ಮಣಿಕಟ್ಟಿನ ಗತಿ ಏನೆಂದು ಹೇಳಬೇಕಿಲ್ಲ. ಹಾಗೆ ಹ್ಯಾಂಡಲ್ ತಿರುಗಿ ಹೊಡೆದೇ ಲೆಲ್ಯಾಂಡನ ಗೆಳೆಯನೊಬ್ಬ ಸತ್ತನೆಂದೂ, ಅದರಿಂದ ನೊಂದು ಅವನು ಈ ಕೆಲಸಕ್ಕೆ ಕೈಹಾಕಿದನೆಂದೂ ಒಂದು ಕಥೆಯಿದೆ. ಕೆಲಸ ಮಾಡಿಕೊಟ್ಟವನು ಚಾರ್ಲ್ಸ್ ಕೆಟರಿಂಗ್. ಅದಕ್ಕೂ ಮೊದಲು ಅವನು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟರು ಅಳವಡಿಸಿದ್ದ. ಎಂಜಿನ್ ತಿರುಗಿಸಲು ಭಾರಿ ಮೋಟರು ಬೇಕು, ಅದು ಕಾರಿನಲ್ಲಿ ಹಿಡಿಸುವುದಿಲ್ಲ ಎಂದು ಉಳಿದವರು ಕೈಬಿಟ್ಟಿದ್ದರು. ಕೆಲವೇ ಕ್ಷಣ ದುಡಿಯುವ ಮೋಟರು ಚಿಕ್ಕದಿದ್ದರೂ ನಡೆಯುತ್ತದೆ ಎಂಬುದು ಕ್ಯಾಶ್ ರಿಜಿಸ್ಟರು ಅವನಿಗೆ ಕಲಿಸಿದ ಪಾಠ. ಎಂಜಿನ್ ಹತ್ತಿಕೊಂಡ ಮೇಲೆ ಅದೇ ಮೋಟರು ಡೈನಮೊ ಆಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತಿತ್ತು, ದೀಪಗಳೂ ಅದರಿಂದಲೇ. 1912ರ ಕ್ಯಾಡಿಲಾಕ್‌ನಲ್ಲಿ ಇದು ಬಂತು, ಕಂಪನಿಗೆ ಎರಡನೇ ಡ್ಯೂವಾರ್ ಟ್ರೋಫಿಯನ್ನೂ ತಂದಿತು.

ಮುಂದೆ ಕ್ಯಾಡಿಲಾಕ್‌ನ ಹೆಸರು ಎಂಜಿನ್ನಿಗಿಂತ ಬಾಡಿಗೇ ಹೆಚ್ಚು ಅಂಟಿಕೊಂಡಿತು. ಕ್ಯಾಡಿಲಾಕ್‌ನ ಒಡೆಯ ಕಂಪನಿ ಜನರಲ್ ಮೋಟರ್ಸ್‌ನ (ಜಿಎಂ) ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್‌ಗೆ ಯುದ್ಧವಿಮಾನಗಳ ಹುಚ್ಚು. ಪಿ-38 ವಿಮಾನದ ಜೋಡಿ ಬಾಲ ನೋಡಿ ಬಂದ ಅವನ ತಂಡ 1948ರ ಕ್ಯಾಡಿಲಾಕ್‌ನ ಹಿಂಬದಿಗೆ ಸಣ್ಣ ರೆಕ್ಕೆ ಮೂಡಿಸಿತು. ಹನ್ನೊಂದು ವರ್ಷದಲ್ಲಿ ಅದು ಬೆಳೆದೂ ಬೆಳೆದೂ, 1959ಕ್ಕೆ ಜಾತ್ರೆಯ ತೇರಿನ ಅಲಂಕಾರವನ್ನೂ ಮೀರಿಸಿತು. ನೋಡಲು ಸೊಗಸು, ಆದರೆ ಆ ರೆಕ್ಕೆಯಿಂದ ಕಾರಿನ ಓಟಕ್ಕೆ ಮೂರು ಕಾಸಿನ ಉಪಯೋಗವಿರಲಿಲ್ಲ.

ಜಿಎಂ ನಡೆಸುತ್ತಿದ್ದ ಮೋಟೊರಾಮಾ ಮೇಳಗಳು ಕನಸಿನ ಕಾರುಗಳ ಸಂತೆ. 1953ರಲ್ಲಿ ಅಲ್ಲಿಗೆ ಫೈಬರ್‌ಗ್ಲಾಸ್ ಬಾಡಿಯ ತಗ್ಗು ಕಾರು ‘ಲ ಮಾನ್’ ಬಂತು. ಕಟ್ಟಿದ್ದು ನಾಲ್ಕೇ. ಅವುಗಳಲ್ಲಿ ಒಂದು ಅದೇ ವರ್ಷ ಒಕ್ಲಹೋಮಾ ನಗರದಲ್ಲಿ ಕಂಡದ್ದೇ ಕೊನೆ, ಮತ್ತೆ ಸಿಕ್ಕಿಲ್ಲ. 1959ರ ‘ಸೈಕ್ಲೋನ್’ ಇನ್ನೂ ವಿಚಿತ್ರ: ತಲೆಯ ಮೇಲೆ ಪಾರದರ್ಶಕ ಗುಮ್ಮಟ, ಮೂತಿಯ ಎರಡು ಗೂಟಗಳಲ್ಲಿ ರಾಡಾರ್. ಎದುರಿನ ಅಡೆತಡೆಯನ್ನು ಚಾಲಕನಿಗೆ ಮುಂಚೆಯೇ ತಿಳಿಸುವುದು ಅದರ ಕೆಲಸ. ಆಗ ಆಟಿಕೆಯಂತೆ ಕಂಡ ಆ ರಾಡಾರ್ ಈಗ ಭಾರತದಲ್ಲಿ ಮಾರುವ ಕೆಲವು ಸಾಮಾನ್ಯ ಕಾರುಗಳ ಬಂಪರಿನೊಳಗೇ ಕೂತಿದೆ. ಗುಮ್ಮಟ ಮಾತ್ರ ಎಲ್ಲೂ ಬರಲಿಲ್ಲ. ರಾಯಚೂರು ಸೀಮೆಯ ಬಿಸಿಲಿನಲ್ಲಿ ಅದರೊಳಗೆ ಕೂತವರ ಸ್ಥಿತಿ ನೆನೆದರೆ, ಬಾರದಿದ್ದದ್ದೇ ಒಳ್ಳೆಯದಾಯಿತು.

ಕನಸಿನಿಂದ ರಸ್ತೆಗೆ ಇಳಿದವೂ ಇದ್ದವು. 1953ರ ಎಲ್ಡೊರಾಡೊ ಕಾರು 532 ಮಾತ್ರ ತಯಾರಾಯಿತು. ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನದ ದಿನದ ಮೆರವಣಿಗೆಯಲ್ಲಿ ಅದರಲ್ಲೇ ನಿಂತು ಬಂದರು. 1957ರ ಎಲ್ಡೊರಾಡೊ ಬ್ರೂಮ್‌ಗೆ ಸ್ಟೇನ್‌ಲೆಸ್ ಸ್ಟೀಲಿನ ಚಾವಣಿ, ಸ್ಪ್ರಿಂಗಿನ ಬದಲು ಗಾಳಿಯ ಸಸ್ಪೆನ್ಷನ್, 13,074 ಡಾಲರ್ ಬೆಲೆ.

ಹೊಸ ಶತಮಾನದಲ್ಲಿ ಕನಸಿನ ಕಾರು ತೋರಿಸಿ ಮಾರದಿರುವುದೇ ಚಟವಾಯಿತು. 2003ರ ‘ಸಿಕ್ಸ್‌ಟೀನ್’ಗೆ ಹದಿನಾರು ಸಿಲಿಂಡರ್, 13.6 ಲೀಟರ್ ಎಂಜಿನ್, 1000 ಅಶ್ವಶಕ್ತಿ. ಆಮೇಲೆ 2011ರಲ್ಲಿ ಸಿಯೆಲ್, 2013ರಲ್ಲಿ ಎಲ್ಮಿರಾಜ್, 2016ರಲ್ಲಿ ಎಸ್ಕಾಲಾ. ಒಂದಕ್ಕಿಂತ ಒಂದು ಚಂದ, ಒಂದೂ ಷೋರೂಮಿಗೆ ಬರಲಿಲ್ಲ. ಅವುಗಳ ಗೆರೆ, ದೀಪದ ರೀತಿ ಮಾತ್ರ ಸಣ್ಣ ಕಾರುಗಳಿಗೆ ಹಂಚಿಹೋದವು. ಪ್ರತಿ ಸಲವೂ ಕೊಳ್ಳಲು ಸಿದ್ಧವಿದ್ದವರಿಗೆ ಆಸೆ ತೋರಿಸಿ ಮುಂದಕ್ಕೆ ಹಾಕಿದ ಕಂಪನಿಯ ಮೇಲೆ ಕ್ಯಾಡಿಲಾಕ್ ಪ್ರಿಯರಿಗೆ ಸಿಟ್ಟು ಬಂದರೆ ಅದು ನ್ಯಾಯವೇ.

ಜಿಎಂ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಅತ್ತ ಅಮೆರಿಕದಲ್ಲಿ, ಕ್ಯಾಡಿಲಾಕ್ 2022ರಲ್ಲಿ ತೋರಿಸಿದ ವಿದ್ಯುತ್ ಕಾರು ಸೆಲೆಸ್ಟಿಕ್ ಕೊನೆಗೂ ತಯಾರಿಕೆಗೆ ಬಂದಿದೆ. ಬೆಲೆ 3 ಲಕ್ಷ ಡಾಲರಿಗೂ ಮೇಲೆ, ಅಂದರೆ ಎರಡೂವರೆ ಕೋಟಿ ರೂಪಾಯಿ ದಾಟುತ್ತದೆ. ಬಣ್ಣ, ಚರ್ಮ, ಒಳಗಿನ ಅಲಂಕಾರ ಎಲ್ಲವನ್ನೂ ಕೊಳ್ಳುವವನ ಇಷ್ಟದಂತೆ ಒಂದೊಂದಾಗಿ ಕೈಯಲ್ಲೇ ಕಟ್ಟುತ್ತಾರೆ. ಮೂರು ಕಾರುಗಳ ಸಾಮಾನು ಕಲಸಿ ಹೆಸರು ಮಾಡಿದ ಕಂಪನಿ ಈಗ ಒಂದರ ಹಾಗೆ ಇನ್ನೊಂದು ಇರುವುದಿಲ್ಲ ಎಂಬುದಕ್ಕೇ ದುಡ್ಡು ಕೇಳುತ್ತಿದೆ.