ಅದೇ ಹೆಸರು, ಬೇರೆ ಫೈಲು

1997ರ ಆರಂಭದಲ್ಲಿ ಮೈಕ್ರೋಸಾಫ್ಟ್ ವರ್ಡ್ 97 ಅಂಗಡಿಗೆ ಬಂದಾಗ, ಅದರಲ್ಲಿ ಬರೆದು ಸೇವ್ ಮಾಡಿದ ಪತ್ರ ಪಕ್ಕದ ಮೇಜಿನ ವರ್ಡ್ 95ರಲ್ಲಿ ತೆರೆಯುತ್ತಿರಲಿಲ್ಲ. ಅದಕ್ಕೆ ಬೇರೊಂದು ಪರಿವರ್ತಕ ಹಾಕಿಕೊಳ್ಳಬೇಕಿತ್ತು. ಎರಡೂ ಫೈಲುಗಳ ಹೆಸರಿನ ಬಾಲ ಮಾತ್ರ ‘ಡಾಟ್ ಡಾಕ್’ ಎಂದೇ. ಒಳಗಿನ ರಚನೆ ಬದಲಾಗಿದೆ ಎನ್ನುವುದಕ್ಕೆ ಹೊರಗೆ ಒಂದು ಗುರುತೂ ಇರಲಿಲ್ಲ. ‘ವರ್ಡ್ 6.0/95’ಕ್ಕೆ ಹೊಂದುವಂತೆ ಸೇವ್ ಮಾಡುವ ಆಯ್ಕೆ ಮೆನುವಿನಲ್ಲಿ ಇತ್ತು, ನಿಜ. ಆದರೆ ಮೊದಲು ಬಿಡುಗಡೆಯಾದ ಪ್ರತಿಗಳಲ್ಲಿ ಅದನ್ನು ಆರಿಸಿದರೆ ಸಿಗುತ್ತಿದ್ದದ್ದು ಆರ್‌ಟಿಎಫ್ ಎಂಬ ಬೇರೆಯೇ ಫಾರ್ಮ್ಯಾಟಿನ ಫೈಲು; ಡಾಕ್ ಎಂಬುದು ಅದಕ್ಕೆ ಹಚ್ಚಿದ ಹೆಸರಷ್ಟೆ. ಹಳೆಯ ಡಾಕನ್ನು ನಿಜವಾಗಿ ಬರೆಯಬಲ್ಲ ಪರಿವರ್ತಕ ಆಮೇಲೆ ಬಂತು.

ಬದಲಾವಣೆಗೆ ಕಾರಣವಿತ್ತು. ವರ್ಡ್ 97 ಪಠ್ಯವನ್ನು ಯೂನಿಕೋಡ್‌ನಲ್ಲಿ ಇಡಲು ಶುರುಮಾಡಿತು. ಜಗತ್ತಿನ ಲಿಪಿಗಳೆಲ್ಲ ಒಂದೇ ಫೈಲಿನಲ್ಲಿ ಕೂರಬೇಕಾದರೆ ಹಳೆಯ ಎಂಟು ಬಿಟ್‌ಗಳ ಅಕ್ಷರಸಂಕೇತ ಸಾಲುತ್ತಿರಲಿಲ್ಲ. ಕನ್ನಡದವರಂತೂ ಇದಕ್ಕೆ ಬೇಡ ಎನ್ನುವಂತೆಯೇ ಇಲ್ಲ. ನನ್ನ ತಕರಾರು ಬದಲಾವಣೆಯ ಮೇಲಲ್ಲ, ಅದನ್ನು ಹಳೆಯ ಹೆಸರಿನ ಮರೆಯಲ್ಲಿಟ್ಟದ್ದರ ಮೇಲೆ. ಕಚೇರಿಯಲ್ಲಿ ಒಬ್ಬರು ಹೊಸ ವರ್ಡ್ ಕೊಂಡರೆ ಅವರ ಫೈಲು ಓದುವುದಕ್ಕಾಗಿ ಉಳಿದವರೂ ಕೊಳ್ಳಬೇಕಾಗುತ್ತಿತ್ತು. ಬೇರೆ ತಂತ್ರಾಂಶ ಬರೆಯುವವರು ಡಾಕ್‌ನ ಒಳರಚನೆಯನ್ನು ಬಹುಮಟ್ಟಿಗೆ ಊಹಿಸಿ, ಬಿಡಿಸಿ ನೋಡಿಯೇ ತಿಳಿಯಬೇಕಿತ್ತು; ಅದರ ವಿವರಣೆ ಎಲ್ಲರಿಗೂ ಮುಕ್ತವಾಗಿ ಪ್ರಕಟವಾದದ್ದು 2008ರಲ್ಲಿ. ಅಷ್ಟರಲ್ಲಿ ಆ ಫಾರ್ಮ್ಯಾಟಿನ ಕಾಲವೇ ಮುಗಿದಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಘಟನೆ 2007ರ ಸೆಪ್ಟೆಂಬರಿನದು. ಆಫೀಸ್ 2003ಕ್ಕೆ ಬಂದ ಮೂರನೆಯ ಸರ್ವಿಸ್ ಪ್ಯಾಕ್ ಕೆಲವು ಹಳೆಯ ಫಾರ್ಮ್ಯಾಟುಗಳನ್ನು ಭದ್ರತೆಯ ಕಾರಣ ಕೊಟ್ಟು ತೆರೆಯದಂತೆ ಮಾಡಿತು. ಮತ್ತೆ ತೆರೆಯಬೇಕಾದರೆ ವಿಂಡೋಸ್‌ನ ರಿಜಿಸ್ಟ್ರಿಗೆ ಕೈಹಾಕಬೇಕು. ಸಾಮಾನ್ಯ ಬಳಕೆದಾರರು ಮಾಡುವ ಕೆಲಸವಲ್ಲ ಅದು. ಅಪಾಯ ಇದ್ದದ್ದು ಫಾರ್ಮ್ಯಾಟುಗಳಲ್ಲಲ್ಲ, ಅವುಗಳನ್ನು ಓದುವ ತಮ್ಮ ಕೋಡಿನಲ್ಲಿ ಎಂದು ಕಂಪನಿಯವರೇ ಕೆಲವು ತಿಂಗಳ ಬಳಿಕ ಒಪ್ಪಿದರು. ಒಬ್ಬ ಲೇಖಕ ತಾನೇ ಬರೆದದ್ದನ್ನು ಓದಬಹುದೇ ಬೇಡವೇ ಎಂಬ ತೀರ್ಮಾನ ಒಂದು ಅಪ್‌ಡೇಟಿನ ಕೈಗೆ ಹೋಯಿತಲ್ಲ, ಅದನ್ನು ಸಣ್ಣ ತಾಂತ್ರಿಕ ತೊಂದರೆ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ವರ್ಡ್ 2007ರ ಜೊತೆ ಬಂದ ಡಾಕ್ಸ್ ಈ ದೃಷ್ಟಿಯಿಂದ ಬಹಳ ಮೇಲು. ಮೊದಲನೆಯದಾಗಿ ಅದು ಹೆಸರು ಬದಲಿಸಿಕೊಂಡು ಬಂತು. ಹಳೆಯ ವರ್ಡ್ 2000, ಎಕ್ಸ್‌ಪಿ, 2003 ಇದ್ದವರಿಗೆ ಉಚಿತ ಕಂಪ್ಯಾಟಿಬಿಲಿಟಿ ಪ್ಯಾಕ್ ದೊರೆಯಿತು. ಇನ್ನೂ ದೊಡ್ಡ ಸಂಗತಿ, ಡಾಕ್ಸ್ ಎಂದರೆ ಒಂದು ಜಿಪ್ ಗಂಟು. ಬಾಲವನ್ನು ‘ಜಿಪ್’ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ಫೈಲುಗಳು; ನೋಟ್‌ಪ್ಯಾಡ್‌ನಲ್ಲೇ ತೆರೆದು ವಾಕ್ಯಗಳನ್ನು ಓದಬಹುದು. ವರ್ಡ್ ಎಂಬ ತಂತ್ರಾಂಶವೇ ನಾಳೆ ಇಲ್ಲವಾದರೂ ಪಠ್ಯ ಉಳಿಯುತ್ತದೆ. ಹಿಂದಕ್ಕೆ ಡಾಕ್ ಆಗಿ ಸೇವ್ ಮಾಡುವಾಗ ಮಾತ್ರ ನಷ್ಟವಿದೆ: ಗಣಿತದ ಸಮೀಕರಣಗಳು ಬರಿಯ ಚಿತ್ರಗಳಾಗುತ್ತವೆ, ಉಲ್ಲೇಖಗಳು ಜೀವವಿಲ್ಲದ ಅಕ್ಷರಗಳಾಗುತ್ತವೆ. ಪ್ರಬಂಧ ಬರೆಯುವ ಸಂಶೋಧಕರಿಗೆ ಇದು ತಿಂಗಳುಗಳ ಕೆಲಸವನ್ನೇ ಕೆಡಿಸಬಲ್ಲದು.

ಆದರೆ ಡಾಕ್ಸ್ ಒಂದು ಮುಕ್ತ ಮಾನಕ ಎಂಬ ಮಾತನ್ನು ಪೂರ್ತಿ ಒಪ್ಪಲಾರೆ. ಓಡಿಎಫ್ ಎಂಬ ಮುಕ್ತ ಫಾರ್ಮ್ಯಾಟು 2006ರಲ್ಲೇ ಐಎಸ್‌ಒ ಮಾನಕವಾಗಿತ್ತು. ಮೈಕ್ರೋಸಾಫ್ಟ್ ತನ್ನದನ್ನೂ ಮಾನಕವಾಗಿಸಲು ಹೊರಟಾಗ ಮಂಡಿಸಿದ ದಾಖಲೆ ಸುಮಾರು 6,000 ಪುಟಗಳದ್ದು. ಅಷ್ಟು ಪುಟಗಳ ನಡುವೆ ‘ವರ್ಡ್ 95ರಂತೆ ಅಂತರ ಬಿಡು’, ‘ವರ್ಡ್ 97ರಂತೆ ಸಾಲು ಮುರಿ’ ಎಂಬ ಸೂಚನೆಗಳಿದ್ದವು. ಆ ಹಳೆಯ ವರ್ಡ್‌ಗಳು ಏನು ಮಾಡುತ್ತಿದ್ದವು ಎಂಬುದನ್ನು ದಾಖಲೆ ಬಿಡಿಸಿ ಹೇಳಿರಲಿಲ್ಲ. ಹೊರಗಿನವರು ಅದನ್ನು ಪಾಲಿಸುವುದಾದರೂ ಹೇಗೆ? ಭಾರತ 2007ರಲ್ಲೂ 2008ರಲ್ಲೂ ಇದಕ್ಕೆ ವಿರುದ್ಧವಾಗಿ ಮತ ಹಾಕಿತು. ಆ ನಿಲುವು ಸರಿಯಾದದ್ದು ಎಂದೇ ಇಂದಿಗೂ ನನ್ನ ಅಭಿಪ್ರಾಯ. 2008ರಲ್ಲಿ ಮಾನಕ ಅಂಗೀಕಾರವಾಯಿತು. ಆಕ್ಷೇಪಗಳ ಫಲವಾಗಿ ಈ ಸೂಚನೆಗಳಿಗೆ ವಿವರಣೆ ಸೇರಿತು, ಅವು ‘ಟ್ರಾನ್ಸಿಷನಲ್’ ಎಂಬ ಭಾಗಕ್ಕೆ ಸರಿದವು. ವರ್ಡ್ ಸುಮ್ಮನೆ ಸೇವ್ ಮಾಡಿದಾಗ ಬರೆಯುವುದು ಇವತ್ತಿಗೂ ಆ ಟ್ರಾನ್ಸಿಷನಲ್ ಬಗೆಯನ್ನೇ. ಡಾಕ್ಸ್‌ನ ಒಳಗೂ ಆವೃತ್ತಿಗಳಿವೆ. 2007ರದ್ದಕ್ಕೆ 12, 2010ರದ್ದಕ್ಕೆ 14, 2013ರಿಂದೀಚೆಗೆ 15 ಎಂಬ ಅಂಕಿ ಸೆಟ್ಟಿಂಗ್‌ಗಳ ಫೈಲಿನಲ್ಲಿ ಕೂತಿರುತ್ತದೆ. ಹೊರಗೆ ಒಂದೇ ಹೆಸರು, ಒಳಗೆ ಭೇದ: ಹಳೆಯ ಅಭ್ಯಾಸ ಪೂರ್ತಿ ಬಿಟ್ಟುಹೋಗಿಲ್ಲ. ವರ್ಡ್ ಕಿಟಕಿಯ ಮೇಲಂಚಿನಲ್ಲಿ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದು ತೋರಿಸುವಷ್ಟು ಪ್ರಾಮಾಣಿಕತೆ ಬಂದಿದೆ, ಅಷ್ಟೆ.

ಕನ್ನಡಕ್ಕೆ ಬಂದರೆ ಸಮಸ್ಯೆ ಇನ್ನೊಂದು ಪದರ ಕೆಳಗಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ವರ್ಷಗಟ್ಟಲೆ ಟೈಪಾದ ಪಠ್ಯದಲ್ಲಿ ಕನ್ನಡದ ಅಕ್ಷರಸಂಕೇತವೇ ಇಲ್ಲ. ಇರುವುದು ಲ್ಯಾಟಿನ್ ಸಂಕೇತ, ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದ ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಆ ಎ. ಇಂಥವೇ ಆದ ಶ್ರೀಲಿಪಿ, ಆಕೃತಿ ತಂತ್ರಾಂಶಗಳ ಸಂಕೇತಗಳು ಬೇರೆ ಬೇರೆ. ನುಡಿ ಬಂದ ಕಾಲದಲ್ಲಿ ಈ ದಾರಿ ಬೇಕಾಗಿತ್ತು ಎಂಬುದನ್ನು ಮರೆಯಬಾರದು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ 1991ರಿಂದಲೇ ಇದ್ದರೂ ಅದನ್ನು ಪರದೆಯ ಮೇಲೆ ಮೂಡಿಸುವ ‘ತುಂಗಾ’ ಫಾಂಟ್ ವಿಂಡೋಸ್‌ನ ಜೊತೆಗೇ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕಚೇರಿಗಳಲ್ಲಿ, ಪ್ರೆಸ್ಸುಗಳಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವರು ಈ ಫಾಂಟುಗಳನ್ನು ಕಟ್ಟಿದವರು. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ. ಅದಿದ್ದೂ ಹಳೆಯ ಫಾಂಟಿನಲ್ಲೇ ಹೊಸ ಪುಸ್ತಕ ಕಂಪೋಸ್ ಮಾಡುವ ರೂಢಿಯನ್ನು ಮಾತ್ರ ಸಮರ್ಥಿಸಲು ಆಗುವುದಿಲ್ಲ.

ನುಡಿಯಲ್ಲಿರುವ ಡಾಕನ್ನು ಡಾಕ್ಸ್ ಆಗಿ ಸೇವ್ ಮಾಡಿದರೆ ಸಾಕು ಎಂದು ನಂಬಿದವರು ಎಷ್ಟೋ ಮಂದಿ. ಫೈಲಿನ ರಚನೆ ಹೊಸದಾಗುತ್ತದೆ, ಅಕ್ಷರ ಹಾಗೇ ಉಳಿಯುತ್ತದೆ. ಹುಡುಕಿದರೆ ಸಿಗುವುದಿಲ್ಲ, ಅಂತರ್ಜಾಲಕ್ಕೆ ಹಾಕಿದರೆ ಯಾರೂ ಓದಲಾರರು. ಪಿಡಿಎಫ್ ಮಾಡಿದರೂ ಅಷ್ಟೆ. ಕಣ್ಣಿಗೆ ಚೆಂದದ ಕನ್ನಡ, ಕಾಪಿ ಮಾಡಿದರೆ ಮತ್ತೆ ಆ ಪೌಂಡ್ ಗುರುತುಗಳು. ಮುದ್ರಣಕ್ಕೆ ಪಿಡಿಎಫ್ ಒಳ್ಳೆಯದು, ಪಠ್ಯ ಕಾಪಾಡುವುದಕ್ಕೆ ಅದೊಂದನ್ನೇ ನೆಚ್ಚಿದರೆ ಮೋಸಹೋದ ಹಾಗೆ.

ಪರಿವರ್ತಕಗಳು ಸಿಗುತ್ತವೆ, ಅವುಗಳನ್ನು ಬಳಸುವ ಕ್ರಮದಲ್ಲಿ ಹೆಚ್ಚಿನವರು ಎಡವುತ್ತಾರೆ. ಪಠ್ಯವನ್ನೆಲ್ಲ ಕಾಪಿ ಮಾಡಿ ಪರಿವರ್ತಕದ ಪೆಟ್ಟಿಗೆಗೆ ಸುರಿಯುವುದು ಸಾಮಾನ್ಯ ಪದ್ಧತಿ. ಹಾಗೆ ಸುರಿದ ಕೂಡಲೇ ಯಾವ ತುಣುಕು ಯಾವ ಫಾಂಟಿನಲ್ಲಿತ್ತು ಎಂಬ ಮಾಹಿತಿ ಕಳೆದುಹೋಗುತ್ತದೆ. ನಡುವೆ ಇದ್ದ ಇಂಗ್ಲಿಷ್ ಹೆಸರುಗಳೂ, ಅಡಿಟಿಪ್ಪಣಿಯ ಗ್ರಂಥಸೂಚಿಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಡಾಕ್ಸ್‌ನ ನಿಜವಾದ ಉಪಯೋಗ ಇಲ್ಲಿದೆ: ಪ್ರತಿ ತುಣುಕಿನ ಪಕ್ಕದಲ್ಲೂ ಅದರ ಫಾಂಟಿನ ಹೆಸರನ್ನು ಅದು ಬಿಚ್ಚಿ ಬರೆದಿಡಬಲ್ಲದು. ಮೊದಲು ಡಾಕ್ಸ್ ಮಾಡಿ, ಫಾಂಟಿನ ಹೆಸರು ನೋಡಿ ನುಡಿಯ ತುಣುಕುಗಳನ್ನಷ್ಟೇ ಪರಿವರ್ತಿಸುವ ಸಲಕರಣೆ ಬಳಸಿದರೆ ಇಂಗ್ಲಿಷ್ ಇಂಗ್ಲಿಷಾಗಿಯೇ ಉಳಿಯುತ್ತದೆ. ಅರ್ಕಾವತ್ತಿನದು ಬೇರೆ ಕಥೆ. ‘ಧರ್ಮ’ದಲ್ಲಿ ನುಡಿ ಅದನ್ನು ಕಾಣುವ ಕ್ರಮದಲ್ಲಿ, ಅಂದರೆ ಮಕಾರದ ಆಚೆ ಇಡುತ್ತದೆ, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ, ಮಕಾರಕ್ಕೆ ಮೊದಲು ಇಡುತ್ತದೆ. ಈ ಅದಲುಬದಲಲ್ಲಿ ಎಡವುವ ಪರಿವರ್ತಕ ಹಳಗನ್ನಡದ ಪದ್ಯವನ್ನೋ ಶಾಸನಪಾಠವನ್ನೋ ಹಾಳುಗೆಡವಿದರೆ, ಛಂದಸ್ಸು ಬಲ್ಲವರು ಕೂತು ಓದುವ ತನಕ ತಪ್ಪು ಗೊತ್ತೇ ಆಗುವುದಿಲ್ಲ.

ತೀರ ಹಳೆಯ ಡಾಕ್ ಫೈಲುಗಳಿಗೆ ನಾನು ಮೊದಲು ನೆಚ್ಚುವುದು ಲಿಬ್ರೆ ಆಫೀಸನ್ನು. ಹೊಸ ವರ್ಡ್ ತಡೆಯುವ ಫಾರ್ಮ್ಯಾಟುಗಳನ್ನೂ ಅದು ಬಹುಮಟ್ಟಿಗೆ ತೆರೆಯುತ್ತದೆ. ಪುಟದ ಅಂದ ಅಲ್ಲಲ್ಲಿ ಕೆಡಬಹುದು, ಪಠ್ಯ ಕೈಗೆ ಬರುತ್ತದೆ. ಪ್ರಕಾಶಕರೂ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ತಮ್ಮ ಹಳೆಯ ಸಿಡಿಗಳನ್ನು ಈಗಲೇ ಹೊರತೆಗೆಯಬೇಕು. ಮೂಲ ಫೈಲನ್ನು ಅಳಿಸದೆ ಇಟ್ಟು, ಯೂನಿಕೋಡ್ ಪ್ರತಿಯೊಂದನ್ನು ಓಡಿಎಫ್‌ನ ಪಠ್ಯರೂಪವಾದ ಓಡಿಟಿಯಲ್ಲೋ ಡಾಕ್ಸ್‌ನಲ್ಲೋ ಮಾಡಿಸಬೇಕು. ಈ ಕೆಲಸಕ್ಕೆ ತಂತ್ರಾಂಶ ಬಲ್ಲವರಷ್ಟೇ ಸಾಲರು. ಆ ಪುಸ್ತಕಗಳನ್ನು ನುಡಿಯಲ್ಲೋ ಶ್ರೀಲಿಪಿಯಲ್ಲೋ ಕಂಪೋಸ್ ಮಾಡಿದ ಡಿಟಿಪಿಯವರಲ್ಲಿ ಹಲವರು ಇನ್ನೂ ಇದೇ ವೃತ್ತಿಯಲ್ಲಿದ್ದಾರೆ. ಯಾವ ಒತ್ತಕ್ಷರಕ್ಕೆ ಯಾವ ಅಡ್ಡದಾರಿ ಹಿಡಿದಿದ್ದರು, ಯಾವ ಫಾಂಟನ್ನು ಎಲ್ಲಿಂದ ತಂದು ಸೇರಿಸಿದ್ದರು ಎಂಬುದು ಅವರಿಗೆ ನೆನಪಿದೆ. ಅವರನ್ನು ಕರೆದು, ತಕ್ಕ ಸಂಭಾವನೆ ಕೊಟ್ಟು, ಪರಿವರ್ತನೆಯಾದ ಪಠ್ಯವನ್ನು ಮುದ್ರಿತ ಪ್ರತಿಯ ಜೊತೆ ಸಾಲುಸಾಲಾಗಿ ಹೋಲಿಸಿ ಓದಿಸುವುದಕ್ಕೆ ಪ್ರತಿಯೊಂದು ಸಂಸ್ಥೆಯೂ ಈ ವರ್ಷದ ಬಜೆಟ್ಟಿನಲ್ಲೇ ಹಣ ತೆಗೆದಿಡಬೇಕು.