ಸ್ಥಾಲೀಪುಲಾಕವೂ ಗ್ರಾಮಫೋನ್ ತಟ್ಟೆಯೂ

ಒಲೆಯ ಮೇಲಿನ ಪಾತ್ರೆಯಿಂದ ಒಂದು ಅಗುಳನ್ನು ತೆಗೆದು ಬೆರಳುಗಳ ನಡುವೆ ಹಿಸುಕಿ, ಅದು ಬೆಂದಿದ್ದರೆ ಪಾತ್ರೆಯ ಅನ್ನವೆಲ್ಲವೂ ಬೆಂದಿತೆಂದು ಗೃಹಿಣಿಯು ನಿಶ್ಚಯಿಸುತ್ತಾಳೆ. ಶಾಸ್ತ್ರಜ್ಞರು ಇದನ್ನು ಸ್ಥಾಲೀಪುಲಾಕನ್ಯಾಯವೆಂದು ಕರೆದರು. ನ್ಯಾಯವು ಸಾಧುವಾದುದೇ, ಆದರೆ ಅದು ಸಲ್ಲಬೇಕಾದರೆ ಪಾತ್ರೆಯಲ್ಲಿರುವುದೆಲ್ಲವೂ ಒಂದೇ ಜಾತಿಯ ಅಕ್ಕಿಯಾಗಿರಬೇಕು, ಅಗುಳನ್ನು ಆರಿಸುವ ಕೈಯೂ ಉಣಿಸುವವರದಾಗಿರಬೇಕಲ್ಲದೆ ಮಾರುವವರದಾಗಿರಕೂಡದು. ಸಂಗೀತದ ತಟ್ಟೆಗಳನ್ನು ಕೊಳ್ಳುವಲ್ಲಿ ಈ ಎರಡು ನಿಯಮಗಳೂ ಮುರಿದುಬೀಳುವುವು. ಸ್ವಲ್ಪ ಭಾಗವನ್ನು ಕೇಳಿ ಮರುಳಾಗಿ, ಹಣ ತೆತ್ತು ಮನೆಗೆ ತಂದು, ಪೂರ್ತಿಯಾಗಿ ಕೇಳಿದ ಮೇಲೆ ಮುಖ ಬಾಡಿಸಿಕೊಂಡು ಕುಳಿತವರು ಯಾವ ಊರಿನಲ್ಲಿ ಇಲ್ಲ?

ಹಿಂದೆ ಈ ಕಷ್ಟ ಇಷ್ಟಾಗಿರಲಿಲ್ಲ. 1902ರಲ್ಲಿ ಗೌಹರ್ ಜಾನಳು ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದಳು. (ಈಕೆಯು ಕಡೆಗೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು.) ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನದ ಕಾಲ, ಹತ್ತಂಗುಲದ ಅರಗಿನ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದು ಹೆಚ್ಚುಕಡಿಮೆ ಮೂರು ನಿಮಿಷದ ಗಾನವನ್ನು ಮಾತ್ರ. ಅಂಗಡಿಯವನು ಮುಳ್ಳನ್ನಿಟ್ಟು ಒಂದು ನಿಮಿಷ ಕೇಳಿಸಿದನೆಂದರೆ ಆ ಮಗ್ಗುಲಿನ ಮೂರರಲ್ಲೊಂದು ಪಾಲು ಕೇಳಿದಂತಾಯಿತು. 1948ರಲ್ಲಿ ಅಮೆರಿಕದಲ್ಲಿ ದೀರ್ಘಾವಧಿಯ ತಟ್ಟೆ ಹುಟ್ಟಿ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಸಂಗೀತ ಹಿಡಿಯಲಾರಂಭಿಸಿದ ಮೇಲೆ ಅಗುಳು ಇದ್ದಷ್ಟೇ ಇದ್ದು ಪಾತ್ರೆ ಹಿರಿದಾಯಿತು. ರೇಡಿಯೋದಲ್ಲಿ ಕೇಳಿದ ಒಂದು ಪಲ್ಲವಿಗೆ ಮನಸೋತು ಹತ್ತು ಹಾಡುಗಳ ಕ್ಯಾಸೆಟ್ಟನ್ನು ಕೊಂಡು, ಉಳಿದ ಒಂಬತ್ತರಲ್ಲಿ ಅಕ್ಕಿಯನ್ನೇ ಕಂಡವರ ದೂರು ನ್ಯಾಯವಾದುದು. ಅದರಲ್ಲಿ ವಿಚಾರಮಾಡತಕ್ಕದ್ದು ಏನೂ ಇಲ್ಲ. 2003ರಲ್ಲಿ ಆಪಲ್ ಕಂಪೆನಿಯವರು ಅಂತರ್ಜಾಲದಲ್ಲಿ ತೆರೆದ ಸಂಗೀತದಂಗಡಿಯಾದರೋ ಪ್ರತಿಯೊಂದು ಹಾಡಿನ ಅರ್ಧ ನಿಮಿಷವನ್ನು ಮಾದರಿಯಾಗಿ ಕೇಳಿಸಿತು. ಈಗ ದೊಡ್ಡ ಕಪ್ಪು ತಟ್ಟೆಗಳು ಮರಳಿ ಮಾರಾಟಕ್ಕೆ ಬಂದು, ಎರಡು ಮೂರು ಸಾವಿರ ರೂಪಾಯಿ ತೆತ್ತು ಕೊಳ್ಳುವವರೂ ಕೈಯೊಳಗಿನ ಫೋನಿನಲ್ಲಿ ಅಷ್ಟೇ ಕೇಳಿ ಕೊಳ್ಳುತ್ತಿರುವರು.

ವಿಚಾರಕ್ಕೆ ಯೋಗ್ಯವಾದುದು ಇನ್ನೊಂದು ಬಗೆಯ ನಿರಾಶೆ. ಪಾಶ್ಚಾತ್ಯ ಸಂಗೀತದ ಒಂದು ಕೃತಿಯು ಇದಕ್ಕೆ ಸ್ಫುಟವಾದ ಉದಾಹರಣೆ. ಜರ್ಮನಿಯ ರಿಚರ್ಡ್ ಸ್ಟ್ರಾಸನು 1896ರಲ್ಲಿ, ನೀಚೆಯ ಗ್ರಂಥವೊಂದರಿಂದ ಪ್ರೇರಿತನಾಗಿ, ‘ಜರತುಷ್ಟ್ರನು ಹೀಗೆ ನುಡಿದನು’ ಎಂಬ ಹೆಸರಿನ ವಾದ್ಯವೃಂದ ಕೃತಿಯನ್ನು ರಚಿಸಿದನು. ನುಡಿಸಲು ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕು. ಅದರ ಆರಂಭದ ಭಾಗ ಎರಡು ನಿಮಿಷಕ್ಕೆ ಮೀರದು. 1968ರಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕನು ತನ್ನ ‘2001: ಎ ಸ್ಪೇಸ್ ಒಡಿಸ್ಸಿ’ ಎಂಬ ಚಲಚ್ಚಿತ್ರಕ್ಕೆ ಬಳಸಿಕೊಂಡುದು ಇಷ್ಟನ್ನೇ. ನೆಲವೇ ಗುಡುಗುವಂತಹ ಮಂದ್ರಧ್ವನಿಯ ಮೇಲೆ ಕಹಳೆಗಳು ಷಡ್ಜ, ಪಂಚಮ, ತಾರಷಡ್ಜಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರುವುವು. ಕೂಡಲೆ ನಗಾರಿಗಳು ಮೊಳಗುವುವು. ಸೂರ್ಯೋದಯವನ್ನು ಕಿವಿಯಿಂದ ಕಂಡಂತಾಗುವುದು. ಚಿತ್ರಮಂದಿರದಲ್ಲಿ ಇದನ್ನು ಕೇಳಿ ರೋಮಾಂಚಗೊಂಡವರು ಅನೇಕರು ನೇರವಾಗಿ ಅಂಗಡಿಗೆ ಹೋಗಿ ತಟ್ಟೆಯನ್ನು ಕೊಂಡರು.

ಮನೆಯಲ್ಲಿ ನಡೆದುದೇನು? ಎರಡು ನಿಮಿಷಗಳಲ್ಲಿ ಸೂರ್ಯೋದಯ ಮುಗಿಯಿತು. ಬಳಿಕ ಮಂದ್ರದ ತಂತಿಗಳ ಗೊಣಗುಟ್ಟುವಿಕೆ; ಪ್ರಾರ್ಥನೆಯಂತಹ ಒಂದು ಮೃದುವಾದ ಭಾಗ; ಹನ್ನೆರಡು ಸ್ವರಸ್ಥಾನಗಳನ್ನೂ ಮುಟ್ಟುತ್ತ ತೆವಳುವ, ವಿದ್ಯೆಯ ಭಾರವನ್ನು ಸೂಚಿಸುವ ಒಂದು ಸಂದರ್ಭ; ಅದಾದ ಮೇಲೆ ಪಿಟೀಲಿನ ಮುಂದಾಳ್ತನದ ಕುಣಿತ; ನಡುರಾತ್ರಿಯ ಗಂಟೆ. ಕೊಂಡವರು ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟರು. ತಟ್ಟೆಯ ಅಂಚಿನ ಒಂದು ಬೆರಳಗಲ ಸವೆಯಿತು. ಉಳಿದುದು ಹೊಳೆಯುತ್ತಲೇ ಇತ್ತು.

ಇವರಿಗೆ ಮೋಸವಾಯಿತೆನ್ನಬಹುದೇ? ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಮೀಮಾಂಸಕರು ಹೇಳಿದ ಲಿಂಗಗಳಲ್ಲಿ ಮೊದಲನೆಯದು ಉಪಕ್ರಮೋಪಸಂಹಾರಗಳ ಐಕ್ಯ. ಆರಂಭವನ್ನು ಮುಕ್ತಾಯದೊಡನೆ ಸೇರಿಸಿ ನೋಡದೆ ಹೇಳುವ ಅರ್ಥ ಅರ್ಥವೇ ಅಲ್ಲ. ಸ್ಟ್ರಾಸನ ಕೃತಿಯನ್ನು ಕಡೆಯವರೆಗೆ ಕೇಳುವ ತಾಳ್ಮೆಯುಳ್ಳವರಿಗೆ ಒಂದು ಆಶ್ಚರ್ಯ ಕಾದಿದೆ. ಮೊದಲಿನ ಷಡ್ಜವನ್ನು ಆಧಾರವಾಗಿಟ್ಟುಕೊಂಡು ನೋಡಿದರೆ, ಕೊನೆಯಲ್ಲಿ ಮೇಲ್ಸ್ಥಾಯಿಯ ವಾದ್ಯಗಳು ಕಾಕಲಿ ನಿಷಾದದ ಮೇಲೆ ನಿಲ್ಲುವುವು. ಕೆಳಗೆ ದೊಡ್ಡ ತಂತಿಗಳು ಅದೇ ಹಳೆಯ ಷಡ್ಜವನ್ನು ಮೆಲ್ಲನೆ ಮೀಟುವುವು. ನೆರೆಹೊರೆಯ ಎರಡು ಸ್ವರಗಳು. ಒಂದು ಇನ್ನೊಂದಕ್ಕೆ ಮಣಿಯುವುದಿಲ್ಲ, ನಿಷಾದವು ಷಡ್ಜವನ್ನು ಸೇರಿ ವಿಶ್ರಮಿಸುವುದೂ ಇಲ್ಲ. ಕೃತಿ ಹಾಗೆಯೇ ನಿಂತುಹೋಗುವುದು. ಕಹಳೆಗಳು ಘೋಷಿಸಿದ ಆ ನಿಶ್ಚಯ ಅರ್ಧ ಗಂಟೆಯಲ್ಲಿ ಸಂದೇಹವಾಗಿ ಕರಗಿದೆ! ಆದಕಾರಣ ಆರಂಭದ ತುಣುಕು ಕೃತಿಯ ಅಲ್ಪಾಂಶವೆಂದರೆ ಸಾಲದು. ಒಂಟಿಯಾಗಿ ನಿಂತಾಗ ಅದು ಕೃತಿಗೆ ವಿರುದ್ಧವಾದುದನ್ನೇ ಹೇಳುತ್ತದೆ. ಕ್ಯೂಬ್ರಿಕನು ಅದೇ ಭಾಗವನ್ನು ಚಿತ್ರದ ಮೊದಲಿನಲ್ಲಿಯೂ ಕೊನೆಯಲ್ಲಿಯೂ ಇಟ್ಟು, ಉಪಕ್ರಮವನ್ನೇ ಉಪಸಂಹಾರವಾಗಿ ಮಾಡಿದನು. ಚಿತ್ರಕ್ಕೆ ಅದು ಒಪ್ಪಿತು. ಸ್ಟ್ರಾಸನಿಗೆ ಒಪ್ಪುತ್ತಿತ್ತೆಂದು ಹೇಳಲಾಗದು. ಕೃತಿಯು ನಿರ್ದೋಷವೆಂದು ಇದರಿಂದ ತಿಳಿಯಬೇಕಾಗಿಲ್ಲ. ಆ ಕುಣಿತದ ಭಾಗ ಅಂತಹ ಆರಂಭಕ್ಕೂ ಅಂತಹ ಮುಕ್ತಾಯಕ್ಕೂ ನಡುವೆ ತೀರ ಲಘುವಾಯಿತೆಂದರೆ ತಪ್ಪಲ್ಲ. ಆದರೂ ತಟ್ಟೆಯನ್ನು ಕೊಂಡವರ ದಾವೆ ಮಾತ್ರ ವಜಾ ಆಗತಕ್ಕದ್ದೇ.

ಕನ್ನಡದ ಮನೆಗಳಿಗೆ ಈ ವಿಷಯ ದೂರದ್ದೇನೂ ಅಲ್ಲ. ಭೀಮಸೇನ ಜೋಶಿಯವರು ಹಾಡಿರುವ ಪುರಂದರದಾಸರ ಲಕ್ಷ್ಮಿಯ ಪದವನ್ನು ಶುಕ್ರವಾರದ ಪೂಜೆಯಲ್ಲಿ ಕೇಳಿದವರು, ಅದೇ ಕಂಠದ ಖಯಾಲಿನ ಕ್ಯಾಸೆಟ್ಟನ್ನು ಭಕ್ತಿಯಿಂದ ಕೊಂಡುತಂದರು. ಅಲ್ಲಿ ಇದ್ದುದು ವಿಲಂಬಿತದ ದೀರ್ಘವಾದ ಬೆಳೆಸುವಿಕೆ; ಒಂದೇ ಮಾತಿನ ಸುತ್ತ ನಿಮಿಷಗಟ್ಟಲೆ ಸ್ವರಗಳ ಪ್ರದಕ್ಷಿಣೆ. “ಪದ ಯಾವಾಗ ಶುರುವಾಗುತ್ತದೆ?” ಎಂದು ಮನೆಯ ಮಕ್ಕಳು ಕೇಳಿದರೆ ಅವರನ್ನು ದೂರುವಂತಿಲ್ಲ, ಕೊಂಡುತಂದ ಹಿರಿಯರಿಗೂ ಅದೇ ಸಂಶಯ.

ಆ ಜೋಶಿಯವರ ಬಾಳೇ ಒಂದು ತಟ್ಟೆಯಿಂದ ತಿರುಗಿದುದು. ಅಬ್ದುಲ್ ಕರೀಂ ಖಾನ್ ಸಾಹೇಬರು ಹಾಡಿದ, ಝಿಂಝೋಟಿ ರಾಗದ ಒಂದು ಠುಮ್ರಿಯನ್ನು ಗದಗಿನಲ್ಲಿ ಬೆಳೆಯುತ್ತಿದ್ದ ಬಾಲಕನು ಕೇಳಿದನು. ಅರಗಿನ ತಟ್ಟೆಯ ಹಾಡು, ಕೆಲವೇ ನಿಮಿಷಗಳದ್ದು. ಅದು ಸಾಲದೆಂದು ಹುಡುಗನಿಗೆ ತೋರಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನರಸುತ್ತ ಮನೆಬಿಟ್ಟು ಹೊರಟು, ಗ್ವಾಲಿಯರ್ ಮೊದಲಾದ ದೂರದ ಊರುಗಳನ್ನು ಅಲೆದು, ಕಡೆಗೆ ಗದಗಿಗೆ ಸಮೀಪದಲ್ಲಿಯೇ ಇರುವ ಕುಂದಗೋಳದಲ್ಲಿ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ನಿಂತು ವರ್ಷಗಟ್ಟಲೆ ಅಭ್ಯಾಸಮಾಡಿದನು. ತುಣುಕನ್ನು ಕೇಳಿದವನು ಉಳಿದುದನ್ನು ಹುಡುಕಿಕೊಂಡು ಹೋದುದು ಹೀಗೆ. ಲಕ್ಷ್ಮಿಯ ಪದದ ಕ್ಯಾಸೆಟ್ಟು ಸುತ್ತಿ ಸುತ್ತಿ ಸವೆದುಹೋದ ಮನೆಗಳಲ್ಲಿ, ಅವರ ಖಯಾಲಿನ ಕ್ಯಾಸೆಟ್ಟು ಬೀರುವಿನೊಳಗೆ ಇಂದಿಗೂ ಹೊಸದರಂತೆಯೇ ಇದೆ.